ಅಪ್ಪನ ಎಡೆಗೆ ಇಟ್ಟ ಬಾಟಲಿ

ನಮ್ಮ ಕಡೆ ಪಿತೃಪಕ್ಷದಲ್ಲಿ ಹಿರಿಯರಿಗೆ ಎಡೆ ಇಡುತ್ತಾರೆ. ಮದ್ದೂರಿನ ಹತ್ತಿರದ ನಮ್ಮ ಊರಲ್ಲಿ ಮಹಾಲಯ ಅಮಾವಾಸ್ಯೆಯ ಆಸುಪಾಸಿನ ದಿನಗಳಲ್ಲಿ ಯಾರ ಮನೆ ಮುಂದೆ ಹೋದರೂ ಮಸಾಲೆ ಹುರಿಯುವ ವಾಸನೆ. ಬಾಳೆ ಎಲೆಯ ಮೇಲೆ ಮುದ್ದೆ, ಮಟನ್ ಸಾರು, ವಡೆ, ಕಜ್ಜಾಯ. ಪಕ್ಕದಲ್ಲಿ ಹೊಸ ಪಂಚೆ, ಹೊಸ ಸೀರೆ. ತೀರಿಕೊಂಡವರಿಗೆ ಏನು ಇಷ್ಟವೋ ಅದೆಲ್ಲ ಎಲೆಯ ಮುಂದೆ ಇರಬೇಕು. ನಮ್ಮಪ್ಪನಿಗೆ ಅಂದರೆ ಒಂದು ಕಟ್ಟು ಬೀಡಿ, ಒಂದು ಕ್ವಾರ್ಟರ್ ಬ್ರಾಂದಿ. ಧೂಪ ಹಾಕಿ, ಕೈ ಮುಗಿದು, ಬಾಗಿಲು ಎಳೆದುಕೊಂಡು ಎಲ್ಲರೂ ಜಗಲಿಗೆ ಬರುತ್ತೇವೆ. ಹಿರಿಯರು ಬಂದು ಉಣ್ಣಲಿ ಅಂತ. ಸ್ವಲ್ಪ ಹೊತ್ತು ಬಿಟ್ಟು ಬಾಗಿಲು ತಟ್ಟಿ ಒಳಗೆ ಹೋಗುತ್ತೇವೆ.

2022ರ ಪಿತೃಪಕ್ಷದ ಹೊತ್ತಿಗೆ ಅಣ್ಣ ಕುಡಿತ ಬಿಟ್ಟು ಹತ್ತು ತಿಂಗಳಾಗಿತ್ತು. "ಅಪ್ಪನ ಬ್ರಾಂದಿ ನಾನೇ ತತ್ತೀನಿ ಬಿಡವ್ವ" ಅಂದ. ಅವ್ವ ಬೇಡ ಅನ್ನಲಿಲ್ಲ. ಅತ್ತಿಗೆ ಬೇಡ ಅನ್ನಲಿಲ್ಲ. ನಾನೂ ಅನ್ನಲಿಲ್ಲ. ನಿಜ ಹೇಳಬೇಕು ಅಂದರೆ ನನಗೆ ಒಳಗೊಳಗೇ ಖುಷಿಯಾಯಿತು. ವೈನ್ ಶಾಪಿಗೆ ಹೋಗಿ, ಬಾಟಲಿ ಕೈಯಲ್ಲಿ ಹಿಡಿದು, ಮುಚ್ಚಳ ತೆಗೆಯದೆ ಮನೆಗೆ ತರುತ್ತಾನೆ ಅಂದರೆ ಪೂರ್ತಿ ಗುಣವಾಗಿದ್ದಾನೆ ಅಂತ ಅಲ್ವಾ ಅಂದುಕೊಂಡೆ.

ತಂದ. ಎಡೆಗೆ ಇಟ್ಟ. ಬಾಗಿಲು ತೆಗೆದು ಒಳಗೆ ಹೋದ ಮೇಲೆ ಚಿಕ್ಕಪ್ಪ ಅದರ ಮುಚ್ಚಳದಲ್ಲೇ ಒಂದಿಷ್ಟು ಬಗ್ಗಿಸಿ ಅಣ್ಣನ ಮುಂದೆ ಹಿಡಿದರು. "ನಿಮ್ಮಪ್ಪನ ಎಡೇದು ಕಣ್ಲಾ. ಬ್ಯಾಡ ಅನ್ಬಾರ್ದು. ನಾಲ್ಗೆಗೆ ಮುಟ್ಟಿಸ್ಕೊ ಸಾಕು." ಅಣ್ಣ ನಾಲಿಗೆಗೆ ಮುಟ್ಟಿಸಿಕೊಂಡ. ಆಮೇಲೆ ಒಂಬತ್ತು ದಿನ ಅವನು ನಮ್ಮ ಕೈಗೆ ಸಿಗಲಿಲ್ಲ.

ಮೂರು ವರ್ಷದಿಂದ ಇದನ್ನು ಬರೆಯಬೇಕು ಅಂದುಕೊಂಡು ಮುಂದಕ್ಕೆ ಹಾಕುತ್ತಾ ಬಂದೆ. ಈಗ ಅಣ್ಣನೇ "ಬರಿಯವ್ವ, ಯಾರಿಗಾದ್ರೂ ಆಯ್ತದೆ" ಅಂದಿದ್ದಾನೆ. ಊರಿನ ಹೆಸರು, ನಮ್ಮ ಹೆಸರು ಬೇಡ ಅಂದ. ಅದನ್ನು ನಡೆಸಿಕೊಡುತ್ತೇನೆ.

ಮೊದಲ ಸಲ ಬಿಡಿಸಿದ್ದು 2021ರ ನವೆಂಬರಿನಲ್ಲಿ. ಅದಕ್ಕೂ ಮುಂಚೆ ಅವನೇ ಒಂದು ಸಲ ದೇವರ ಮುಂದೆ ಆಣೆ ಮಾಡಿ ಒಂದೇ ಏಟಿಗೆ ನಿಲ್ಲಿಸಿದ್ದ. ಎರಡನೇ ದಿನ ಕೈಕಾಲು ನಡುಗಿ, ಬೆವೆತು, ಹಜಾರದಲ್ಲೇ ಫಿಟ್ಸ್ ಬಂತು. ವರ್ಷಗಟ್ಟಲೆ ದಿನಾ ಕುಡಿದವರು ದಿಢೀರ್ ಅಂತ ಬಿಟ್ಟರೆ ಹೀಗಾಗಬಹುದು, ಎರಡು ಮೂರು ದಿನದಲ್ಲಿ ಬುದ್ಧಿ ಕಲಸಿ ಇಲ್ಲದ್ದೆಲ್ಲ ಕಾಣಿಸಬಹುದು, ಜೀವಕ್ಕೇ ಅಪಾಯ ಆಗಬಹುದು ಅಂತ ಆಗ ನಮಗೆ ಗೊತ್ತಿರಲಿಲ್ಲ. ದಯವಿಟ್ಟು ಯಾರನ್ನೂ ಮನೆಯಲ್ಲಿ ಕೂಡಿಹಾಕಿ ಬಿಡಿಸಲು ಹೋಗಬೇಡಿ. ಡಾಕ್ಟರ ಕಣ್ಣೆದುರೇ ಆಗಬೇಕಾದ ಕೆಲಸ ಅದು.

ಆಸ್ಪತ್ರೆಯಲ್ಲಿ ಮೂರು ವಾರ ಇದ್ದ. ಡಿಸ್ಚಾರ್ಜ್ ಆದ ದಿನ ಅವ್ವ ಹೋಳಿಗೆ ಮಾಡಿ ಬೀದಿಗೆಲ್ಲ ಹಂಚಿದಳು. ಡಿಸ್ಚಾರ್ಜ್ ಚೀಟಿಯಲ್ಲಿ ಮಾತ್ರೆ ಎಷ್ಟು ದಿನ, ತಿಂಗಳಿಗೊಮ್ಮೆ ಯಾವತ್ತು ಬರಬೇಕು, ಕುಡಿತ ಬಿಟ್ಟವರು ಸೇರುವ ಭಾನುವಾರದ ಸಭೆ ಎಲ್ಲಿ ಅಂತ ಬರೆದಿತ್ತು. ಅತ್ತಿಗೆ ಅದನ್ನು ಬೀರುವಿನಲ್ಲಿ ಸೀರೆಗಳ ಕೆಳಗೆ ಜೋಪಾನವಾಗಿ ಇಟ್ಟರು. ನಮ್ಮ ಲೆಕ್ಕದಲ್ಲಿ ಕೆಲಸ ಮುಗಿದಿತ್ತು.

ಎರಡನೇ ಸಲ ಸೇರಿಸಿದಾಗ ಅಲ್ಲಿನ ಕೌನ್ಸೆಲರ್ ಮೇಡಂ ಅಣ್ಣನನ್ನು ಒಂದು ಪ್ರಶ್ನೆ ಕೇಳಿದರು. ನಾನೂ ಪಕ್ಕದಲ್ಲಿ ಕೂತಿದ್ದೆ. "ಮತ್ತೆ ಶುರುವಾಗಿದ್ದು ಯಾವಾಗ?" "ಪಿತೃಪಕ್ಷದ ದಿನ ಮೇಡಂ." "ಅವತ್ತು ಕುಡಿದಿರಿ. ಶುರುವಾಗಿದ್ದು ಯಾವಾಗ?" ಅಣ್ಣನಿಗೆ ಅರ್ಥವಾಗಲಿಲ್ಲ. ನನಗೂ ಆಗಲಿಲ್ಲ. ಅವರು ಒಂದು ಬಿಳಿ ಹಾಳೆ ತೆಗೆದುಕೊಂಡು, ಕೆಳಗಿನಿಂದ ಮೇಲಕ್ಕೆ, ದಿನಗಳನ್ನು ಹಿಂದಕ್ಕೆ ಬರೆಯುತ್ತಾ ಹೋದರು.

ವೈನ್ ಶಾಪಿಗೆ ನಾನೇ ಹೋಗುತ್ತೇನೆ ಅಂದಿದ್ದು. ಅದಕ್ಕೂ ಹಿಂದಿನ ವಾರ ಅತ್ತಿಗೆ ಜೊತೆ ಜಗಳ. ಅದಕ್ಕೂ ಹಿಂದೆ ತಡವಾಗಿದ್ದ ಕಬ್ಬಿನ ಬಿಲ್ಲು ಒಟ್ಟಿಗೇ ಬಂದು ಕೈಯಲ್ಲಿ ದುಡ್ಡು ಆಡಿದ್ದು. ಆಲೆಮನೆಯಿಂದ ಬರುವಾಗ ಕೆರೆ ಏರಿ ದಾರಿ ಬಿಟ್ಟು ಹಳೆಯ ದಾರಿಯಲ್ಲೇ ಟ್ರ್ಯಾಕ್ಟರ್ ತಿರುಗಿಸಲು ಶುರುಮಾಡಿದ್ದು. ಆ ದಾರಿಯಲ್ಲಿ ಅವನ ಹಳೆಯ ಗೆಳೆಯರು ಕೂರುವ ಅಂಗಡಿ ಇದೆ. ಜುಲೈಯಲ್ಲಿ ನಿದ್ದೆ ಕೆಟ್ಟಿದ್ದು. ಜೂನಿನಲ್ಲಿ ಭಾನುವಾರದ ಸಭೆ ಬಿಟ್ಟಿದ್ದು, "ಅಲ್ಲಿ ಹೇಳಿದ್ದನ್ನೇ ಹೇಳ್ತಾರೆ" ಅಂತ. ಮೇ ತಿಂಗಳಲ್ಲಿ ಮಾತ್ರೆ ನಿಲ್ಲಿಸಿದ್ದು, "ನಂಗೇನಾಗಿದೆ ಈಗ" ಅಂತ.

ಹಾಳೆ ತುಂಬಿತು. ಎಡೆಯ ಮುಂದಿನ ಆ ಮುಚ್ಚಳ ಹಾಳೆಯ ತೀರಾ ಕೆಳಗೆ, ಕೊನೆಯ ಸಾಲಿನಲ್ಲಿತ್ತು. ನಾಲ್ಕು ತಿಂಗಳಿಂದ ಅವನು ಒಂದೊಂದೇ ಮೆಟ್ಟಿಲು ಇಳಿಯುತ್ತಿದ್ದ. ಬಾಯಿ ವಾಸನೆ ಇಲ್ಲ ಅನ್ನುವ ಒಂದೇ ಕಾರಣಕ್ಕೆ ನಾವೆಲ್ಲ ನೆಮ್ಮದಿಯಾಗಿದ್ದೆವು.

ಹೀಗೆ ಹಿಂದಕ್ಕೆ ನೋಡುವ ಕ್ರಮವನ್ನು ರೂಪಿಸಿದವರಲ್ಲಿ ಮುಖ್ಯರಾದವರು ಅಮೆರಿಕದ ಮನಶ್ಶಾಸ್ತ್ರಜ್ಞ ಅಲನ್ ಮಾರ್ಲಾಟ್. ಬಿಟ್ಟ ಮೇಲೆ ಮತ್ತೆ ಕುಡಿದವರನ್ನು ಅವರು ಯಾವಾಗ, ಎಲ್ಲಿ, ಯಾರ ಜೊತೆ ಅಂತ ಕೂಲಂಕಷವಾಗಿ ಕೇಳಿದರು. ಮೂರು ಸಂಗತಿಗಳೇ ಸುಮಾರು ಮುಕ್ಕಾಲು ಪಾಲು ಕಡೆ ಕಂಡವು. ಮನಸ್ಸು ಕೆಟ್ಟಿರುವುದು, ಹತ್ತಿರದವರೊಂದಿಗೆ ಜಗಳ, ಬೇರೆಯವರ ಒತ್ತಾಯ. 1985ರಲ್ಲಿ ಅವರೂ ಜೂಡಿತ್ ಗಾರ್ಡನ್ ಅವರೂ ಸೇರಿ ಇದನ್ನೆಲ್ಲ ಒಂದು ಚಿಕಿತ್ಸೆಯ ರೂಪಕ್ಕೆ ತಂದರು. ಅವರ ಇನ್ನೊಂದು ಮಾತು ನನ್ನನ್ನು ಬಹಳ ಕಾಡಿದೆ. ಕುಡಿತಕ್ಕೆ ಹತ್ತಿರ ಕರೆದೊಯ್ಯುವ ಎಷ್ಟೋ ತೀರ್ಮಾನಗಳು ಮೇಲ್ನೋಟಕ್ಕೆ ಕುಡಿತಕ್ಕೆ ಸಂಬಂಧವೇ ಇಲ್ಲದಂತೆ ಇರುತ್ತವಂತೆ. ಟ್ರ್ಯಾಕ್ಟರ್ ಬೇರೆ ದಾರಿಯಲ್ಲಿ ತಿರುಗಿಸುವುದು. ಅಪ್ಪನ ಬ್ರಾಂದಿ ನಾನೇ ತರುತ್ತೇನೆ ಅನ್ನುವುದು. ಅದನ್ನು ಹೇಳುವಾಗ ಅಣ್ಣ ಸುಳ್ಳು ಹೇಳಿರಲಿಲ್ಲ. ಅಪ್ಪನ ಮೇಲಿನ ಪ್ರೀತಿಯಿಂದಲೇ ಹೇಳಿದ್ದ.

ಆ ಒಂಬತ್ತು ದಿನದ ಬಗ್ಗೆ ಅವನು ಮೇಡಂ ಹತ್ತಿರ ಹೇಳಿದ್ದು ಇಷ್ಟೇ. "ನಾಲ್ಗೆಗೆ ಮುಟ್ಟಿಸ್ಕೊಂಡೆ ಮೇಡಂ. ಆಮೇಲೆ ಜಗಲಿ ಮೇಲೆ ಕೂತು ಯೋಚ್ನೆ ಮಾಡ್ದೆ. ಹತ್ತು ತಿಂಗ್ಳು ಹಾಳಾಯ್ತು. ಇನ್ನೇನ್ ಉಳೀತು? ಹೆಂಗೂ ಕೆಟ್ಟೋಯ್ತಲ್ಲ ಅಂತ ಹೊಂಟೋದೆ." ಮುಚ್ಚಳದಷ್ಟು ಬ್ರಾಂದಿ ಅವನನ್ನು ಅಷ್ಟು ದೂರ ಎಳೆದುಕೊಂಡು ಹೋಗಲಿಲ್ಲ. "ಹೆಂಗೂ ಕೆಟ್ಟೋಯ್ತು" ಅನ್ನುವ ಮಾತು ಎಳೆದುಕೊಂಡು ಹೋಯಿತು. ಜಾರುವುದು ಬೇರೆ, ಬೀಳುವುದು ಬೇರೆ ಅಂತ ಮೇಡಂ ಅವತ್ತು ಬಿಡಿಸಿ ಹೇಳಿದರು. ಜಾರಿದವನು ತಾನು ಬಿದ್ದೇ ಹೋದೆ ಅಂದುಕೊಂಡರೆ ನಿಜವಾಗಲೂ ಬೀಳುತ್ತಾನೆ. ನಾಚಿಕೆ ಅವನನ್ನು ತಳ್ಳುತ್ತದೆ. ಮನೆಯವರ ಬೈಗುಳವೂ ಸೇರಿದರೆ ಇನ್ನೂ ಜೋರಾಗಿ ತಳ್ಳುತ್ತದೆ.

ಈಗ ನನ್ನ ತಪ್ಪಿನ ವಿಷಯಕ್ಕೆ ಬರಬೇಕು. ಆ ಹತ್ತು ತಿಂಗಳು ನಾನು ಮೈಸೂರಿನಲ್ಲಿ ಕೂತು ಅವನನ್ನು ಕಾವಲು ಕಾಯುತ್ತಿದ್ದೆ. ದಿನಾ ಸಂಜೆ ಏಳಕ್ಕೆ ಸರಿಯಾಗಿ ಫೋನ್. ಅವನ ನಾಲಿಗೆ ತೊದಲುತ್ತಿದೆಯಾ ಅಂತ ಕೇಳಿಸಿಕೊಳ್ಳುವುದಕ್ಕೇ ಆ ಫೋನ್. ಊರಿಗೆ ಹೋದಾಗ ಟ್ರ್ಯಾಕ್ಟರಿನ ಟೂಲ್ ಬಾಕ್ಸ್ ತೆಗೆದು ನೋಡುತ್ತಿದ್ದೆ. ಒಂದು ಸಲ ಎಲ್ಲರ ಮುಂದೆ "ಎಲ್ಲಿ, ಬಾಯಿ ಊದು" ಅಂದುಬಿಟ್ಟೆ. ಅವನ ಮಕ್ಕಳು ಅಲ್ಲೇ ನಿಂತಿದ್ದರು. ಅವತ್ತು ರಾತ್ರಿ ಅಣ್ಣ ಅಂದ, "ಕುಡ್ದಾಗ್ಲೂ ಬೈಸ್ಕೊಂಡೆ. ಬಿಟ್ಟಾಗ್ಲೂ ಅನುಮಾನ. ಹಂಗಾದ್ರೆ ಬಿಟ್ಟು ಏನ್ ಬಂತವ್ವ?" ಅದಕ್ಕೆ ನನ್ನ ಹತ್ತಿರ ಉತ್ತರ ಇರಲಿಲ್ಲ. ಆದರೂ ಮರುದಿನ ಏಳಕ್ಕೆ ಫೋನ್ ಮಾಡಿದೆ.

ಅದು ಅವನಿಗೆ ಹೇಗೆ ಚುಚ್ಚಿರಬಹುದು ಅಂತ ನನಗೆ ಗೊತ್ತಾಗಿದ್ದು ನನ್ನ ಕಾಯಿಲೆ ಮರಳಿ ಬಂದಾಗ.

ನನಗೆ 2019ರಲ್ಲಿ ಖಿನ್ನತೆ ಬಂದಿತ್ತು. ಮನೆಯವರಿಗೆ ಬಿಟ್ಟು ಯಾರಿಗೂ ಹೇಳಿರಲಿಲ್ಲ. ಡಾಕ್ಟರು ಮಾತ್ರೆ ಕೊಟ್ಟರು. ಎರಡು ತಿಂಗಳಲ್ಲಿ ಚೆನ್ನಾಗಾದೆ. ನಾಲ್ಕನೇ ತಿಂಗಳು ನಾನೇ ಮಾತ್ರೆ ನಿಲ್ಲಿಸಿದೆ. ಚೆನ್ನಾಗಿದ್ದೀನಲ್ಲ, ಇನ್ನು ಯಾಕೆ ಅಂತ. ಅಣ್ಣ ಹೇಳಿದ "ನಂಗೇನಾಗಿದೆ ಈಗ" ಅನ್ನುವುದನ್ನೇ ನಾನು ಸ್ವಲ್ಪ ನಾಜೂಕಾಗಿ ಹೇಳಿಕೊಂಡಿದ್ದೆ. ಖಿನ್ನತೆ ಒಂದು ಸಲ ಬಂದವರಲ್ಲಿ ಸುಮಾರು ಅರ್ಧದಷ್ಟು ಜನರಿಗೆ ಇನ್ನೊಂದು ಸಲ ಬರುತ್ತದೆ. ಎರಡು ಸಲ ಬಂದವರಿಗೆ ಮೂರನೆಯದು ಬರುವ ಸಂಭವ ಇನ್ನೂ ಜಾಸ್ತಿ. ಅದಕ್ಕೇ ಪೂರ್ತಿ ಚೆನ್ನಾದ ಮೇಲೂ ಕಡಿಮೆ ಅಂದರೆ ಆರರಿಂದ ಒಂಬತ್ತು ತಿಂಗಳು ಮಾತ್ರೆ ಮುಂದುವರಿಸಿ, ಆಮೇಲೆ ನಿಧಾನವಾಗಿ ಇಳಿಸುತ್ತಾರೆ. ನನಗೆ ಡಾಕ್ಟರು ಇದನ್ನು ಹೇಳಿಯೇ ಇದ್ದರು. ಚೆನ್ನಾಗಿರುವ ಮನುಷ್ಯನ ಕಿವಿಗೆ ಇಂಥ ಮಾತು ಹೋಗುವುದಿಲ್ಲ.

2023ರ ಜುಲೈ. ಹತ್ತನೇ ತರಗತಿಯ ಟೆಸ್ಟ್ ಪೇಪರುಗಳ ಕಟ್ಟು ಮೇಜಿನ ಮೇಲೆ ಎರಡು ವಾರ ಹಾಗೇ ಕೂತಿತ್ತು. ಕಾಫಿ ಪುಡಿ ಮುಗಿದಿತ್ತು. ತರಬೇಕು ಅನ್ನಿಸಲಿಲ್ಲ. ಫೋನನ್ನು ಮಗುಚಿ ಇಡುತ್ತಿದ್ದೆ. ಬೆಳಗಿನ ಜಾವ ಮೂರಕ್ಕೆ ಎಚ್ಚರ, ಆಮೇಲೆ ನಿದ್ದೆಯಿಲ್ಲ. ಮನೆಯವರು ಗಾಬರಿಯಿಂದಲೇ ಕೇಳಿದರು, "ಮತ್ತೆ ಶುರು ಆಯ್ತಾ ನಿಂದು?" ಆ "ನಿಂದು" ಅನ್ನುವ ಪದ ಎದೆಗೆ ನೆಟ್ಟಿತು. "ಏನಿಲ್ಲ, ಸುಮ್ನೆ ಸುಸ್ತು" ಅಂದೆ. ಅವತ್ತಿನಿಂದ ನಗುವುದನ್ನು ಅಭ್ಯಾಸ ಮಾಡಿಕೊಂಡೆ. ಅಣ್ಣ ಪುದೀನಾ ಜಗಿದು ಬಂದು ನನ್ನ ಹತ್ತಿರ ಮಾತಾಡುತ್ತಿದ್ದನಲ್ಲ, ಹಾಗೆ.

ಗುರುತು ಹಿಡಿದವನು ಅವನೇ. ಒಂದು ಶನಿವಾರ ಬೆಲ್ಲದ ಅಚ್ಚು ಕಟ್ಟಿಕೊಂಡು ಮೈಸೂರಿಗೆ ಬಂದ. ಅಡುಗೆಮನೆ ಕಟ್ಟೆ ಮೇಲೆ ಇಟ್ಟ. ಕುರ್ಚಿ ಎಳೆದುಕೊಂಡು ಕೂತ. ಬಹಳ ಹೊತ್ತು ಏನೂ ಮಾತಾಡಲಿಲ್ಲ. ಆಮೇಲೆ ಕೇಳಿದ.

"ಮಾತ್ರೆ ಬಿಟ್ಟಿದ್ದೀಯೇನವ್ವ?"

"ಯಾವತ್ತೋ ಬಿಟ್ಟೆ."

"ಫೋನ್ ತೆಗೀತಿಲ್ಲ. ನಿದ್ದೆ ಇಲ್ಲ. ಕಣ್ ನೋಡಿದ್ರೆ ಗೊತ್ತಾಯ್ತದೆ. ನಂಗೂ ಹಿಂಗೇ ಆಗಿತ್ತು, ಪಿತೃಪಕ್ಷಕ್ಕೆ ಎಲ್ಡ್ ತಿಂಗ್ಳು ಮುಂಚೆ. ಆಗ ಯಾರೂ ಕೇಳ್ಲಿಲ್ಲ ನೋಡು."

ಅವನ ಕಾಯಿಲೆಯೂ ನನ್ನದೂ ಒಂದೇ ಅಂತ ನಾನು ಹೇಳುತ್ತಿಲ್ಲ. ಮದ್ದು ಬೇರೆ, ಕಾರಣ ಬೇರೆ. ಆದರೆ ಮರಳಿ ಬರುವಾಗ ಅವು ಹಿಡಿಯುವ ದಾರಿ ಒಂದೇ ಥರ ಇದೆ. ಮೊದಲು ಔಷಧಿ ಯಾಕೆ ಅನ್ನಿಸುತ್ತದೆ. ಆಮೇಲೆ ಜನ ಬೇಡವಾಗುತ್ತಾರೆ. ಆಮೇಲೆ ನಿದ್ದೆ ಹೋಗುತ್ತದೆ. ಕಾಯಿಲೆ ಬಾಗಿಲು ತಟ್ಟುವುದು ಇವೆಲ್ಲ ಆದ ಮೇಲೆ. ನಮ್ಮ ಶಾಲೆಯ ಟೀಚರೊಬ್ಬರ ಮಗನಿಗೆ ಬೈಪೋಲಾರ್ ಇದೆ, ಮನಸ್ಸು ಒಮ್ಮೆ ಅತಿಯಾಗಿ ಉಬ್ಬಿ ಇನ್ನೊಮ್ಮೆ ಕುಸಿಯುವ ಕಾಯಿಲೆ. ಅದಕ್ಕೆ ಲಿಥಿಯಂ ಅನ್ನುವ ಮಾತ್ರೆ ತೆಗೆದುಕೊಳ್ಳುತ್ತಾನೆ, ರಕ್ತ ಪರೀಕ್ಷೆ ಮಾಡಿಸಿ ಅದರ ಮಟ್ಟ ನೋಡಿಸುತ್ತಿರಬೇಕು. ಅವರ ಮನೆಯ ಗುರುತು ಏನು ಗೊತ್ತಾ? ರಾತ್ರಿ ಎರಡು ಗಂಟೆಗೆ ಅಡುಗೆಮನೆಯ ಲೈಟು. ಎರಡು ರಾತ್ರಿ ಸಾಲಾಗಿ ಆ ಲೈಟು ಉರಿದು, ಹಗಲು ಅವನಿಗೆ ಸುಸ್ತೇ ಇಲ್ಲ ಅಂದರೆ ಮೂರನೇ ದಿನ ಡಾಕ್ಟರ ಹತ್ತಿರ ಹೋಗುತ್ತಾರೆ. ಕಾಯುವುದಿಲ್ಲ.

ಮನೆಯವರ ಮಾತಿನ ಬಗ್ಗೆ ಒಂದು ಸಂಗತಿ ಹೇಳಬೇಕು. ಅದು ಗೊತ್ತಾದ ದಿನ ನನಗೆ ನಿದ್ದೆ ಬರಲಿಲ್ಲ. 1950ರ ದಶಕದಲ್ಲಿ ಲಂಡನ್ನಿನಲ್ಲಿ ಜಾರ್ಜ್ ಬ್ರೌನ್ ಅನ್ನುವ ಸಮಾಜಶಾಸ್ತ್ರಜ್ಞರು ಮಾನಸಿಕ ಆಸ್ಪತ್ರೆಯಿಂದ ಮನೆಗೆ ಹೋದ ಗಂಡಸರು ಹೇಗಿದ್ದಾರೆ ಅಂತ ಹಿಂಬಾಲಿಸಿ ನೋಡಿದರು. ಬಾಡಿಗೆ ಕೋಣೆಗೋ ಒಡಹುಟ್ಟಿದವರ ಮನೆಗೋ ಹೋದವರಿಗಿಂತ ತಂದೆತಾಯಿ ಅಥವಾ ಹೆಂಡತಿಯ ಮನೆಗೆ ಹೋದವರೇ ಜಾಸ್ತಿ ಮರಳಿ ಆಸ್ಪತ್ರೆ ಸೇರುತ್ತಿದ್ದರು. ಹತ್ತಿರದವರು ಕೆಟ್ಟವರು ಅಂತಲ್ಲ. ಹತ್ತಿರದವರ ಟೀಕೆ, ಸಿಟ್ಟು, ಅತಿಯಾದ ಕಾಳಜಿ, ಈ ಮೂರೂ ರೋಗಿಯ ಮೇಲೆ ಭಾರ ಹೇರುತ್ತವೆ ಅಂತ ಆಮೇಲಿನ ಅಧ್ಯಯನಗಳು ತೋರಿಸಿದವು. ಚಂಡೀಗಢದಲ್ಲೂ ಇದೇ ಥರ ನೋಡಿದರು. ಅಲ್ಲಿನ ಮನೆಗಳಲ್ಲಿ ಅಂಥ ಟೀಕೆಯ ಮಾತು ಲಂಡನ್ನಿಗಿಂತ ತುಂಬಾ ಕಡಿಮೆ ಕಂಡಿತು. ನಮ್ಮ ನಾಡಿನ ಮನೆಗಳಿಗೆ ಸಹಿಸಿಕೊಳ್ಳುವ ಶಕ್ತಿ ಇದೆ. ನಾನು ಏಳು ಗಂಟೆಯ ಫೋನಿನಲ್ಲಿ ಅದನ್ನು ಕಳೆದುಕೊಂಡಿದ್ದೆ.

ಹಾಗಂತ ಮನೆಯವರನ್ನೇ ದೂರುವುದು ಬೇಡ. ಅತ್ತಿಗೆ ಹನ್ನೆರಡು ವರ್ಷ ಅನುಭವಿಸಿದ್ದಾರೆ. ಅವರಿಗೆ ಅನುಮಾನ ಬರದೆ ಇರುತ್ತದಾ? ಅವರಿಗೂ ಚಿಕಿತ್ಸೆ ಬೇಕಿತ್ತು. ಚೆನ್ನೈಯಲ್ಲಿ ಶಾಂತಿ ರಂಗನಾಥನ್ ಅನ್ನುವವರು ಕುಡಿತದಿಂದ ಗಂಡನನ್ನು ಕಳೆದುಕೊಂಡ ಮೇಲೆ 1980ರಲ್ಲಿ ವ್ಯಸನಿಗಳಿಗೆಂದೇ ಚಿಕಿತ್ಸಾ ಸಂಸ್ಥೆ ಕಟ್ಟಿದರು. ಕುಡಿಯುವವನ ಜೊತೆ ಮನೆಯವರನ್ನೂ ಕೂರಿಸಿಕೊಂಡು ಮಾತಾಡಬೇಕು ಅಂತ ಹೆಂಡತಿಯಾಗಿ ಅನುಭವಿಸಿದವರಿಗೆ ಬೇಗ ಗೊತ್ತಾಗುತ್ತದೆ. ನಮ್ಮ ಅತ್ತಿಗೆಗೆ ಎರಡನೇ ಸಲ ಮಾತ್ರ ಆ ಅವಕಾಶ ಸಿಕ್ಕಿತು. ಕುಡುಕರ ಮನೆಯವರು ಸೇರುವ ಅಲ್-ಅನಾನ್ ಸಭೆಗೆ ಹೋಗಿ ಬಂದ ದಿನ ಅವರು ಹೇಳಿದ್ದು, "ಅವರ ಕುಡಿತ ನನ್ನ ತಪ್ಪಲ್ಲ ಅಂತ ಇವತ್ತೇ ಗೊತ್ತಾಗಿದ್ದು."

ಎರಡನೇ ಸಲ ನಾವು ಬೇರೆ ಥರ ಮಾಡಿದೆವು. ಚೀಟಿ ಬೀರುವಿಗೆ ಹೋಗಲಿಲ್ಲ. ಅಣ್ಣನೇ ತನ್ನ ಕೈಬರಹದಲ್ಲಿ ಒಂದು ಹಾಳೆ ಬರೆದು ದೇವರ ಮನೆ ಬಾಗಿಲ ಒಳಗಡೆ ಅಂಟಿಸಿದ. ನನಗೆ ಕೆಟ್ಟ ಕಾಲ ಬರುವಾಗ ಹೀಗೆಲ್ಲ ಆಗುತ್ತದೆ, ಆಗ ಇವರಿಗೆ ಫೋನ್ ಮಾಡಿ, ಹೀಗೆ ಮಾತಾಡಿ, ಹೀಗೆ ಮಾತಾಡಬೇಡಿ. "ಬಾಯಿ ಊದು ಅನ್ನಬೇಡಿ" ಅಂತಲೂ ಬರೆದಿದ್ದ. ಮಾನಸಿಕ ಕಾಯಿಲೆ ಇರುವವರು ತಾವು ಚೆನ್ನಾಗಿರುವಾಗಲೇ, ಮುಂದೆ ಕಾಯಿಲೆ ಜಾಸ್ತಿಯಾದರೆ ತಮ್ಮನ್ನು ಹೇಗೆ ನೋಡಿಕೊಳ್ಳಬೇಕು ಅಂತ ಬರೆದಿಡುವ ಹಕ್ಕನ್ನು 2017ರ ಮಾನಸಿಕ ಆರೋಗ್ಯ ಕಾಯ್ದೆಯೇ ಕೊಟ್ಟಿದೆ. ಅದಕ್ಕೆ ಅದರದೇ ಕ್ರಮ ಇದೆ. ನಮ್ಮದು ದೇವರ ಮನೆ ಬಾಗಿಲ ಹಾಳೆ ಅಷ್ಟೇ. ಆದರೆ ಅದರಿಂದ ಮನೆಯಲ್ಲಿ ಆದ ಬದಲಾವಣೆ ದೊಡ್ಡದು. ಕಣ್ಣಿಡುವ ಕೆಲಸವನ್ನು ಅವನೇ ನಮಗೆ ಒಪ್ಪಿಸಿದ್ದ. ಕದ್ದು ನೋಡುವುದು ತಪ್ಪಿತು.

ಕಬ್ಬಿನ ಬಿಲ್ಲು ಅತ್ತಿಗೆ ಖಾತೆಗೆ ಬರುವಂತೆ ಅವನೇ ಮಾಡಿಸಿದ. ಟ್ರ್ಯಾಕ್ಟರ್ ಕೆರೆ ಏರಿ ಮೇಲೆ, ಎರಡು ಕಿಲೋಮೀಟರ್ ಜಾಸ್ತಿಯಾದರೂ ಸರಿ. ಸಂಜೆ ಆರರ ಹೊತ್ತಿಗೆ ಹೊಟ್ಟೆ ಖಾಲಿ ಇರಬಾರದು, ರಾಗಿ ಅಂಬಲಿಯೋ ಮಜ್ಜಿಗೆಯೋ ಕುಡಿದೇ ಮನೆಯಿಂದ ಹೊರಡುವುದು. ಹಸಿವು, ಕೋಪ, ಒಂಟಿತನ, ದಣಿವು ಅಂತ ಅವನು ನಾಲ್ಕು ಬೆರಳು ಮಡಿಸಿ ಎಣಿಸುತ್ತಾನೆ. ಸಭೆಯಲ್ಲಿ ಕಲಿತದ್ದು. ಎರಡು ಬೆರಳು ಮಡಿಸುವಂತಾದರೆ ತನ್ನ ಸ್ಪಾನ್ಸರಿಗೆ ಫೋನ್. ಸ್ಪಾನ್ಸರ್ ಅಂದರೆ ದುಡ್ಡು ಕೊಡುವವರಲ್ಲ, ತಾನೂ ಕುಡಿತ ಬಿಟ್ಟು ಇನ್ನೊಬ್ಬರ ಕೈ ಹಿಡಿಯುವ ಹಿರಿಯ ಸದಸ್ಯ. ಅಮೆರಿಕದ ಆಕ್ರನ್ ಊರಿನಲ್ಲಿ 1935ರಲ್ಲಿ ಇಬ್ಬರು ಕುಡುಕರು ಒಬ್ಬರನ್ನೊಬ್ಬರು ಮಾತಾಡಿಸುತ್ತಾ ಶುರುಮಾಡಿದ ಆಲ್ಕೊಹಾಲಿಕ್ಸ್ ಅನಾನಿಮಸ್ ಇವತ್ತೂ ಅದೇ ಥರ ನಡೆಯುತ್ತದೆ. "ಇವತ್ತೊಂದಿನ ಕುಡಿಯಲ್ಲ" ಅನ್ನುವುದೇ ಅವರ ಲೆಕ್ಕ. ಅಣ್ಣನ ಪರಿಚಯದ ಒಬ್ಬರು ಧರ್ಮಸ್ಥಳದ ಜನಜಾಗೃತಿ ವೇದಿಕೆಯ ಮದ್ಯವರ್ಜನ ಶಿಬಿರದಲ್ಲಿ ಬಿಟ್ಟವರು. ಶಿಬಿರ ಎಂಟು ದಿನ. ಆಮೇಲೆ ನವಜೀವನ ಸಮಿತಿ ಅಂತ ಬಿಟ್ಟವರೆಲ್ಲ ಸೇರುತ್ತಾರೆ. ಅವರು ಅಣ್ಣನಿಗೆ ಹೇಳಿದ್ದು, "ನನ್ನ ಕಾಪಾಡಿದ್ದು ಆಮೇಲಿನ ಸಮಿತಿ ಕಣಪ್ಪ." ದಾರಿ ಯಾವುದಾದರೂ ಇರಲಿ, ಬಿಟ್ಟ ಮೇಲೆ ಒಬ್ಬನೇ ಇರಬಾರದು ಅನ್ನುವುದು ಎರಡೂ ಕಡೆ ಒಂದೇ.

ಆಸೆ ಬರುವುದನ್ನು ತಡೆಯಲು ಆಗುವುದಿಲ್ಲ. ಅದು ಅಲೆ ಥರ ಏರುತ್ತದೆ, ಸ್ವಲ್ಪ ಹೊತ್ತು ತಡೆದುಕೊಂಡರೆ ಇಳಿಯುತ್ತದೆ. ಅಲೆ ಇಳಿಯುವ ತನಕ ಅದರ ಜೊತೆ ಇದ್ದು ದಾಟುವುದನ್ನು ಮಾರ್ಲಾಟ್ ಅವರೂ ಕಲಿಸುತ್ತಿದ್ದರು. ಅಣ್ಣ ಆ ಹೊತ್ತಿಗೆ ಹಸು ಮೈ ತೊಳೆಯುತ್ತಾನೆ. "ಎಲ್ಡೂ ಹಸ ತೊಳ್ದು ಮುಗ್ಸೋದ್ರೊಳ್ಗೆ ಹೋಗಿರ್ತದೆ" ಅನ್ನುತ್ತಾನೆ. ಆಸೆಯನ್ನು ತಗ್ಗಿಸುವ ಮಾತ್ರೆಯೂ ಇದೆ, ಅವನಿಗೆ ಡಾಕ್ಟರು ಬರೆದುಕೊಟ್ಟಿದ್ದಾರೆ.

ಮಾತ್ರೆ ಅಂದಾಗ ಒಂದು ಎಚ್ಚರಿಕೆ. "ಅವರಿಗೆ ತಿಳಿಯದಂತೆ ಕುಡಿತ ಬಿಡಿಸಿ" ಅಂತ ಗೋಡೆ ಮೇಲೆ, ಪೇಪರಿನಲ್ಲಿ ನೋಡಿರುತ್ತೀರಿ. ಡೈಸಲ್ಫಿರಾಂ ಅನ್ನುವ ಮಾತ್ರೆ ತೆಗೆದುಕೊಂಡು ಕುಡಿದರೆ ಮುಖ ಕೆಂಪೇರಿ, ಎದೆ ಡವಡವ ಹೊಡೆದು, ವಾಂತಿಯಾಗಿ, ಬಿಪಿ ಕುಸಿಯಬಹುದು. ಅದು ಗೊತ್ತಿದ್ದೇ, ಒಪ್ಪಿಯೇ ತೆಗೆದುಕೊಳ್ಳುವವನಿಗೆ ಅದು ಬೇಲಿ. ಗೊತ್ತಿಲ್ಲದೆ ಸಾರಿನಲ್ಲಿ ಬೆರೆಸಿ ಕೊಟ್ಟರೆ ಅವನು ಹೊರಗೆ ಹೋಗಿ ಕುಡಿದು ಸತ್ತೇ ಹೋಗಬಹುದು. ಹಾಗೆ ಮಾಡಬೇಡಿ. ಪ್ರಾಣದ ಜೊತೆಗೆ ನಂಬಿಕೆಯೂ ಹೋಗುತ್ತದೆ.

ಇಷ್ಟೆಲ್ಲ ಮಾಡಿದ ಮೇಲೂ ಅಣ್ಣ ಜಾರಿದ. ಇದನ್ನು ಮುಚ್ಚಿಟ್ಟು ಬರೆದರೆ ಈ ಬರಹಕ್ಕೆ ಅರ್ಥ ಇಲ್ಲ.

2024ರ ಯುಗಾದಿಯ ಮಾರನೇ ದಿನ, ಹೊಸತೊಡಕು. ನಮ್ಮ ಕಡೆ ಅವತ್ತು ಊರೇ ಬಾಡೂಟದಲ್ಲಿ ಮುಳುಗಿರುತ್ತದೆ, ಬಾಡಿನ ಜೊತೆ ಬಾಟಲಿಯೂ ಇರುತ್ತದೆ. ಅವನು ಮಧ್ಯಾಹ್ನವೇ ಮನೆಗೆ ಬರಬೇಕಿತ್ತು. ಬರಲಿಲ್ಲ. ಗೆಳೆಯನ ತೋಟದಲ್ಲಿ ಕುಡಿದ. ಮರುದಿನ ಬೆಳಿಗ್ಗೆ ಆರಕ್ಕೆ ನನಗೆ ಫೋನ್ ಬಂತು.

"ಕುಡ್ದುಬಿಟ್ಟೆ ಕಣವ್ವ."

ನಾಲಿಗೆಯ ತುದಿಗೆ ಎಷ್ಟೋ ಮಾತು ಬಂತು. ಒಂದೂ ಹೇಳಲಿಲ್ಲ. ನನ್ನ ಜುಲೈ ತಿಂಗಳು ನೆನಪಾಯಿತು. ಬೆಲ್ಲದ ಅಚ್ಚು ನೆನಪಾಯಿತು.

"ಈಗ ಎಲ್ಲಿದ್ದೀಯಣ್ಣ?"

"ಪಂಪ್‌ಸೆಟ್ ಮನೆ ಹತ್ರ."

"ಏನಾದ್ರೂ ತಿಂದ್ಯಾ?"

ಅವನು ಅತ್ತ. ನಾನು ಮೊದಲ ಬಸ್ಸಿಗೆ ಹೊರಟೆ. ಹನ್ನೊಂದು ಗಂಟೆಗೆ ಡಾಕ್ಟರ ಮುಂದೆ ಕೂತಿದ್ದೆವು. ಒಂದು ರಾತ್ರಿಗೇ ನಿಂತಿತು. 2022ರಲ್ಲಿ ಒಂಬತ್ತು ದಿನ, ಆಮೇಲೆ ಆಸ್ಪತ್ರೆ. ಈ ಸಲ ಒಂದು ರಾತ್ರಿ, ಮರುದಿನ ಬೆಳಿಗ್ಗೆ ಆರಕ್ಕೆ ಒಂದು ಫೋನ್. ಎರಡನ್ನೂ ಸೋಲು ಅಂತ ಒಂದೇ ಪದದಲ್ಲಿ ಕರೆಯಲು ನನಗೆ ಮನಸ್ಸಿಲ್ಲ. ಚಟದಿಂದ ಹೊರಬಂದವರಲ್ಲಿ ನೂರಕ್ಕೆ ನಲವತ್ತರಿಂದ ಅರವತ್ತು ಮಂದಿಗೆ ಅದು ಮರುಕಳಿಸುತ್ತದೆ. ಬಿಪಿ, ಆಸ್ತಮಾ ಇರುವವರಲ್ಲೂ ಮರುಕಳಿಸುವ ಪ್ರಮಾಣ ಇದಕ್ಕಿಂತ ಕಡಿಮೆಯೇನಿಲ್ಲ. ಬಿಪಿ ಏರಿದ ಅವ್ವನನ್ನು ನಾವು "ಮತ್ತೆ ಶುರುಮಾಡ್ಕೊಂಡ್ಯಾ" ಅಂತ ಬೈಯುವುದಿಲ್ಲ. ಮಾತ್ರೆ ತಪ್ಪಿಸಿದ್ಯಾ, ಉಪ್ಪು ಜಾಸ್ತಿ ಆಯ್ತಾ ಅಂತ ಕೇಳುತ್ತೇವೆ.

ರಾತ್ರಿ ಹೊತ್ತು ಯಾರೂ ಸಿಗದಿದ್ದರೆ ಟೆಲಿ ಮಾನಸ್ ಅನ್ನುವ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಇದೆ, 14416. 2022ರ ಅಕ್ಟೋಬರಿನಲ್ಲಿ ಶುರುವಾದದ್ದು. ದುಡ್ಡು ಕೊಡಬೇಕಿಲ್ಲ, ಕನ್ನಡದಲ್ಲೇ ಮಾತಾಡಬಹುದು, ಹಗಲು ರಾತ್ರಿ ಯಾವಾಗ ಬೇಕಾದರೂ. ನಾನು ಒಂದು ಸಲ ಬೆಳಗಿನ ಜಾವ ಮೂರೂವರೆಗೆ ಮಾಡಿದ್ದೆ. ಆ ಕಡೆಯ ಹುಡುಗಿ ಆತುರ ಮಾಡದೆ ಕೇಳಿಸಿಕೊಂಡಳು. ಈಗ ನಾನು ಮಾತ್ರೆಯ ಜೊತೆಗೆ ಮಾತಿನ ಚಿಕಿತ್ಸೆಗೂ ಹೋಗುತ್ತೇನೆ. ಕೆಟ್ಟ ಯೋಚನೆ ಬಂದಾಗ "ಇದು ಯೋಚನೆ, ನಿಜ ಅಂತೇನಿಲ್ಲ" ಅಂತ ದೂರ ನಿಂತು ನೋಡುವುದನ್ನು ಕಲಿಯುತ್ತಿದ್ದೇನೆ. ನಿಧಾನವಾಗಿ ಬರುತ್ತಿದೆ.

ಈ ಸಲದ ಪಿತೃಪಕ್ಷಕ್ಕೆ ಊರಿಗೆ ಹೋಗಿದ್ದೆ. ಎಡೆಗೆ ಏನಿಡಬೇಕು ಅಂತ ಅವ್ವನೇ ತೀರ್ಮಾನ ಮಾಡಿದ್ದಳು. ಹೋದ ವರ್ಷವೂ, ಅದರ ಹಿಂದಿನ ವರ್ಷವೂ ಬಾಟಲಿ ಇಟ್ಟಿರಲಿಲ್ಲ, ಆದರೆ ಇಡದೇ ಇದ್ದುದಕ್ಕೆ ಅವಳಿಗೆ ಸಂಕಟ ಇತ್ತು. ಸತ್ತವರಿಗೆ ಇಷ್ಟವಾದದ್ದನ್ನು ಇಡದಿದ್ದರೆ ಹೇಗೆ ಅಂತ. ಈ ಸಲ ಆಲೆಮನೆಯಿಂದ ಒಂದು ಚೊಂಬು ಕಬ್ಬಿನ ಹಾಲು ತರಿಸಿದ್ದಳು. "ಮದ್ವೆ ಆದ್ ಹೊಸ್ದ್ರಲ್ಲಿ ನಿಮ್ಮಪ್ಪ ಇದ್ನ ಚೊಂಬುಗಟ್ಲೆ ಕುಡೀತಿದ್ರು, ನಿಂಬೆಹಣ್ ಹಿಂಡ್ಕೊಂಡು" ಅಂದಳು. ಕುಡಿತ ಶುರುವಾಗುವ ಮುಂಚಿನ ಅಪ್ಪನನ್ನು ನಾವಿಬ್ಬರೂ ಕಂಡವರಲ್ಲ. ಅವಳು ಕಂಡಿದ್ದಳು.

ಚಿಕ್ಕಪ್ಪ ಬಂದರು. ಜೇಬು ಉಬ್ಬಿತ್ತು. ಅವ್ವ ಬಾಗಿಲಲ್ಲೇ ನಿಂತು, "ಅದ್ನ ಗಾಡೀಲಿ ಇಟ್ಟು ಬಾ ಮೈದ" ಅಂದಳು. ಅವರು ಸ್ವಲ್ಪ ಹೊತ್ತು ನಿಂತು, ಹೋಗಿ ಇಟ್ಟು ಬಂದರು.

ಧೂಪ ಹಾಕಿ, ಬಾಗಿಲು ಎಳೆದುಕೊಂಡು ಎಲ್ಲರೂ ಜಗಲಿಗೆ ಬಂದೆವು. ಮಕ್ಕಳು ಗುಸುಗುಸು ಮಾತಾಡುತ್ತಿದ್ದರು. ಅಣ್ಣ ಕಂಬಕ್ಕೆ ಒರಗಿ ನನ್ನ ಪಕ್ಕ ಕೂತ.

"ರಾತ್ರಿ ಮಾತ್ರೆ ತಂದಿದ್ದೀಯೇನವ್ವ?"

"ಬ್ಯಾಗಲ್ಲಿದೆ."

"ಸರಿ" ಅಂದ. ಬ್ಯಾಗಿನ ಕಡೆ ತಿರುಗಿಯೂ ನೋಡಲಿಲ್ಲ. ಸ್ವಲ್ಪ ಹೊತ್ತಾದ ಮೇಲೆ ಎದ್ದು ಹೋಗಿ ಬಾಗಿಲು ತಟ್ಟಿದ.